ಎಲಾಸ್ಟಿಕ್ ಲೆಕ್ಕದ ಚಕ್ರ

"ಭಾವ, ನೀವು ಸೈಕಲ್ ತುಳೀತಿದ್ದೀರೋ, ಇಲ್ಲ ಅದಕ್ಕೆ ಊರು ತೋರಿಸ್ತಿದ್ದೀರೋ?" ಎಂದು ಭಾವಮೈದ ಎಲ್ಲರೆದುರು ಕೇಳಿದ ದಿನವೇ ಗ್ರಂಥಪಾಲಕರು ಭೀಷಣ ಶಪಥ ಮಾಡಿದರು. (ಪಿಸುಮಾತಿನಲ್ಲೇ ಮಾಡಿದರು. ಲೈಬ್ರರಿ ಅಭ್ಯಾಸ ಎಲ್ಲಿ ಹೋಗುತ್ತೆ!) ಭಾವಮೈದನದು ಭಾನುವಾರದ ಸೈಕಲ್ ದಂಡು. ಊರಾಚೆಯ ಕೆರೆಯವರೆಗೆ ಸವಾರಿ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ಓಡಿಸಲಾರದವರಿಗೆ ಅಲ್ಲಿ ಪ್ರವೇಶವಿಲ್ಲ. ಒಂದೇ ಒಂದು ಅವಕಾಶ, ಹಿಂದೆ ಬಿದ್ದರೆ ಮುಗಿಯಿತು.

ಇಪ್ಪತ್ತೋ ಹನ್ನೆರಡೋ ಗೊತ್ತಾಗುವುದು ಹೇಗೆ? ಅದಕ್ಕೇ ಬಂತು ಹ್ಯಾಂಡಲ್ ಮೇಲೆ ಕೂರುವ ಪುಟಾಣಿ ಕಂಪ್ಯೂಟರ್, ಬೆಂಕಿಪೊಟ್ಟಣದಷ್ಟು ಗಾತ್ರ, ಆದರೆ ಗತ್ತು ವಿಮಾನದ್ದು! ಗ್ರಂಥಪಾಲಕರು ಅದರ ಕೈಪಿಡಿಯನ್ನು ತಮಗೆ ಬಾರದ ಭಾಷೆಗಳಲ್ಲೂ ಓದಿ ಮುಗಿಸಿದರು. ಸಾರಾಂಶ ಇಷ್ಟೇ: ಚಕ್ರದ ಸುತ್ತಳತೆ ತುಂಬಿಸಿ, ಉಳಿದದ್ದು ನನಗೆ ಬಿಡಿ.

"ಲೇ, ಸ್ಕೇಲ್ ಎಲ್ಲಿದೆ?"

"ದುಂಡಗಿರೋದಕ್ಕೆ ಸ್ಕೇಲಾ? ಸರಿಯಾಯ್ತು! ಸರೀರಿ ಆಕಡೆ."

ಹೆಂಡತಿ ಟೈಲರ್. ಸಾಮಾನ್ಯ ಟೈಲರ್ ಅಲ್ಲ, ಬಾಗಿಲಲ್ಲಿ ನಿಂತವರ ಭುಜದ ಅಳತೆಯನ್ನು ಅವರು ಚಪ್ಪಲಿ ಬಿಡುವಷ್ಟರಲ್ಲಿ ಹೇಳುವ ಮಹಾಮಾತೆ. ಆಕೆ ಟೇಪು ಹಿಡಿದರೆ ಗ್ರಂಥಪಾಲಕರಿಗೆ ಮೈ ಜುಮ್ಮೆನ್ನುತ್ತದೆ, ಮದುವೆಯಾಗಿ ಇಷ್ಟು ಕಾಲವಾದರೂ! ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಬಂದಳು, ಟೈರಿನ ಮೇಲೆ ಚಾಕ್‌ಪೀಸಿನ ಗುರುತು ಹಾಕಿದಳು, ಟೇಪನ್ನು ಸರ್ರನೆ ಸುತ್ತಿದಳು, ಅರೆಕ್ಷಣ ಕಣ್ಣುಮುಚ್ಚಿದಳು.

"ನೂರ ಎಂಬತ್ತೆಂಟು ಸೆಂಟಿಮೀಟರ್. ಬರ್ಕೊಳ್ಳಿ."

ಬರೆದುಕೊಳ್ಳುವುದೇನು, ಭಕ್ತಿಯಿಂದ ಒತ್ತಿದರು. ಯಂತ್ರ 'ಕೀಂಯ್' ಎಂದು ಒಪ್ಪಿಕೊಂಡಿತು.

ಮರುದಿನದಿಂದ ಶುರುವಾಯಿತು ನೋಡಿ ಯಾತನೆ! ಎಷ್ಟು ತುಳಿದರೂ ಯಂತ್ರ ಹದಿನೈದು, ಹದಿನಾರು ಎನ್ನುತ್ತದೆ. ಅವರ ಏದುಸಿರು ಕೇಳಿ ಬೀದಿಯ ನಾಯಿಗಳು ಅಟ್ಟಿಸಿಕೊಂಡು ಬರುವುದನ್ನು ಬಿಟ್ಟು ಕನಿಕರದಿಂದ ದಾರಿಬಿಟ್ಟವು. ಲೈಬ್ರರಿಯ ಏಣಿ ಹತ್ತುವಾಗ ಮೊಣಕಾಲು ಲಟಲಟ. ಆದರೂ ಬಿಡಲಿಲ್ಲ, ತುಳಿದರು, ತುಳಿದರು, ಕೊನೆಗೊಂದು ಬೆಳಗ್ಗೆ ಪರದೆಯ ಮೇಲೆ ಇಪ್ಪತ್ತು ಮೂಡಿದಾಗ ನಡುರಸ್ತೆಯಲ್ಲೇ ಕಣ್ಣೊರೆಸಿಕೊಂಡರು.

ಭಾನುವಾರ ದಂಡು ಹೊರಟಿತು. ಮೊದಲ ಸಿಗ್ನಲ್ಲಿನಲ್ಲಿ ಗ್ರಂಥಪಾಲಕರು ತಲೆ ತಗ್ಗಿಸಿ ದಾಟಿದರು. ತಲೆ ಎತ್ತಿದರೆ ಮುಂದೆ ಯಾರೂ ಇಲ್ಲ! ಪಾಪಿಗಳು ಕಣ್ಣಿಗೆ ಕಾಣದಷ್ಟು ದೂರ ಹೋಗಿಬಿಟ್ಟರಲ್ಲ! (ಹಿಂದೆ ತಿರುಗಿ ನೋಡಬಹುದಿತ್ತು. ಆದರೆ ತಮ್ಮ ಹಿಂದೆಯೂ ಯಾರಾದರೂ ಇರಬಹುದೆಂಬ ಕಲ್ಪನೆ ಅವರ ವಂಶದಲ್ಲೇ ಇರಲಿಲ್ಲ.) ಹಲ್ಲು ಕಚ್ಚಿ ತುಳಿದರು. ಕೆರೆ ಬಂತು. ಅಲ್ಲೂ ನರಪಿಳ್ಳೆಯಿಲ್ಲ. ಬಂದು, ಸುಧಾರಿಸಿಕೊಂಡು, ವಾಪಸ್ಸೂ ಹೋದರೇ? ಬೇರೆ ದಾರಿ ಹಿಡಿದರೇ? ಅವಮಾನ ನುಂಗಿಕೊಂಡು ಸೈಕಲ್ ತಿರುಗಿಸಿದರು.

ಅರ್ಧ ದಾರಿಯಲ್ಲಿ ಎದುರಿಗೇ ದಂಡು, ಬೆವರಿ ಮುದ್ದೆಯಾಗಿ!

"ಭಾವಾ! ಆಕಡೆಯಿಂದ ಎಲ್ಲಿಂದ ಬರ್ತಿದ್ದೀರಿ?"

"ಕೆರೆಯಿಂದಪ್ಪಾ. ಕ್ಷಮಿಸು, ತುಂಬಾ ನಿಧಾನ ಆಗೋಯ್ತು. ಇನ್ಮೇಲೆ ಬರಲ್ಲ."

ದಂಡು ಬ್ರೇಕು ಹಾಕಿದ ಸದ್ದಿಗೆ ಹಕ್ಕಿಗಳು ಎದ್ದವು. ಭಾವಮೈದ ಯಂತ್ರವನ್ನು ಕಿತ್ತುಕೊಂಡು ಗುಂಡಿ ಒತ್ತಿದ. "ನೂರ ಎಂಬತ್ತೆಂಟಾ? ಈ ಚಕ್ರ ಇನ್ನೂರ ಹತ್ತು ಬರುತ್ತೆ! ಇದು ಕಡಿಮೆ ತೋರಿಸ್ತಾ ಇದೆ ಭಾವ! ನೀವು ನಮಗಿಂತ ಜೋರಾಗಿ ಬಂದಿದ್ದೀರಿ! ಯಾರು ಅಳೆದಿದ್ದು?"

"ನಿಮ್ಮಕ್ಕ."

ಅಷ್ಟೂ ಜನ ಸೀದಾ ಮನೆಗೆ ನುಗ್ಗಿದರು. ಆಕೆ ಹೊಲಿಗೆ ಯಂತ್ರದಿಂದ ತಲೆಯನ್ನೂ ಎತ್ತಲಿಲ್ಲ.

"ಇನ್ನೂರ ಹತ್ತೇ ಇತ್ತು. ರಬ್ಬರ್ ತಾನೆ? ಎಲಾಸ್ಟಿಕ್ ಯಾವತ್ತೂ ಒಂದು ಗೇಣು ಕಡಿಮೆ ಹಿಡೀಬೇಕು. ಇಲ್ಲದಿದ್ರೆ ನಾಲ್ಕು ದಿನದಲ್ಲಿ ಜಾರಿ ಬೀಳುತ್ತೆ."

"ಅಕ್ಕಾ, ಅದು ಚಕ್ರ! ಚಡ್ಡಿ ಅಲ್ಲ!"

"ಜಾರಿ ಬಿತ್ತಾ?"

"ಇಲ್ಲ..."

"ಮತ್ತೆ?"

ದಂಡಿನವರು ಹೊರಗೆ ನಿಲ್ಲಿಸಿದ್ದ ತಂತಮ್ಮ ಸೈಕಲ್ಲುಗಳತ್ತ ತಿರುಗಿ ನೋಡಿದರು. ಗ್ರಂಥಪಾಲಕರಂತೂ ಹೆಂಡತಿಯನ್ನು ಮೊದಲ ಸಲ ನೋಡಿದಂತೆ ನೋಡುತ್ತ ನಿಂತುಬಿಟ್ಟರು. ಏನು ಕೈ, ಏನು ತರ್ಕ!

ಆದರೆ ತಪ್ಪು ಕಪಾಟಿನಲ್ಲಿ ಪುಸ್ತಕವಿದ್ದರೆ ನಿದ್ದೆ ಬಾರದ ಜೀವ ಅದು. ಅಂದೇ ಇನ್ನೂರ ಹತ್ತು ಒತ್ತಿ ಸರಿಪಡಿಸಿದರು. ಮರುದಿನದಿಂದ ಆಹಾ, ಸ್ವರ್ಗ! ಹಾಯಾಗಿ ತುಳಿದರೂ ಇಪ್ಪತ್ತು. ಇಪ್ಪತ್ತು ಕಂಡೊಡನೆ ಕಾಲು ತಾನಾಗಿ ಸಡಿಲ. ಮುಂದಿನ ಭಾನುವಾರ ದಂಡು ಕೆರೆ ಮುಟ್ಟಿ, ಫೋಟೋ ತೆಗೆದುಕೊಂಡು, ಹೊರಡಲು ಎದ್ದಾಗ ಗ್ರಂಥಪಾಲಕರು ತಲುಪಿದರು. ಇವರೆಲ್ಲ ಇಷ್ಟು ಜೋರಾದದ್ದು ಯಾವಾಗ?

ಗುಟ್ಟು ಮನೆಯ ಮುಂದೆಯೇ ಬಯಲಾಯಿತು. ಅಂಗಳದಲ್ಲಿ ಸಾಲು! ಒಬ್ಬೊಬ್ಬರ ಕೈಯಲ್ಲೂ ಬಿಚ್ಚಿದ ಮುಂಚಕ್ರ. ಹೋದ ವಾರವೇ ಗುಟ್ಟಾಗಿ ಚಕ್ರದ ಅಳತೆ ಕೊಟ್ಟು ಹೋಗಿದ್ದ ದಂಡಿನವರು ಈಗ ನೆಂಟರಿಷ್ಟರನ್ನೂ ಕರೆತಂದಿದ್ದರು. "ಸುಳ್ಳು ಅಂತ ಗೊತ್ತು ಭಾವ, ಆದ್ರೆ ಹದಿನೆಂಟು ಅಂತ ಕಂಡ್ರೆ ಕಾಲು ಸುಮ್ನಿರಲ್ಲ," ಎಂದ ಭಾವಮೈದ.

ಗ್ರಂಥಪಾಲಕರು ಒಳಗೆ ಇಣುಕಿದರು. "ಲೇ, ನನ್ನದನ್ನ ಮೊದಲಿನ ಹಾಗೇ ಮಾಡಿಕೊಡೇ."

"ನಾನು ಕೊಟ್ಟಿದ್ದನ್ನ ಬಿಚ್ಚಿದ್ದು ಯಾರು?" ಎಂದಳು ಗುಂಡುಪಿನ್ನಿನ ಸಂದಿಯಿಂದ. "ಚಕ್ರ ಬಿಚ್ಕೊಂಡು ಬಂದು ಸಾಲಲ್ಲಿ ನಿಂತ್ಕೊಳ್ಳಿ, ರೀ. ಮನೆಯವರು ಅಂತ ನಡುವೆ ನುಗ್ಗೋ ಹಾಗಿಲ್ಲ."

ಸಾಲಿನ ತುದಿ ಗೇಟಿನಾಚೆ ಇತ್ತು. ಗ್ರಂಥಪಾಲಕರು ಚಕ್ರವನ್ನು ಎದೆಗವಚಿಕೊಂಡು, ಮುಂದಿದ್ದ ಅಪರಿಚಿತನಿಗೆ ಹೆಮ್ಮೆಯಿಂದ ಪಿಸುಗುಟ್ಟಿದರು: "ಅವಳು ನನ್ನ ಹೆಂಡ್ತಿ ಕಣ್ರೀ."

"ಎಲ್ಲರೂ ಏನಾದ್ರೊಂದು ನೆಂಟಸ್ತನ ಹೇಳ್ತಾರೆ ಸಾರ್," ಎಂದ ಆತ, "ಹಿಂದೆ ನಿಲ್ಲಿ."