ಕೂರದ ಭಾವ, ಹುಲಿಯ ಪಾಲಿನ ಜೇನು

ನಮ್ಮ ಅಕ್ಕನ ಗಂಡ ಸಿಂಗಪುರಕ್ಕೆ ಬಂದು ಹದಿನೈದು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಅವರು ಕೂತದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು! ಖಾಲಿ ಎಂಆರ್‌ಟಿ ರೈಲಿನಲ್ಲೂ ಭಾವ ನಿಂತೇ ಹೋಗುತ್ತಾರೆ. ಟೋವಾ ಪಾಯೋದ ಅವರ ಮನೆಯಲ್ಲಿ ಸೋಫಾ ಏನೋ ಇದೆ. ಅದರ ಮೇಲೆ ಜೇನಿನ ಬಾಟಲಿಗಳು ಕೂತಿರುತ್ತವೆ. ಅಕ್ಕನೂ ನಾನೂ ನೆಲದ ಮೇಲೆ.

ಯಾವ ಜೇನು ಅಂದಿರಾ? ಭಾವನ ತಂದೆ ಬಿಳಿಗಿರಿರಂಗನ ಬೆಟ್ಟದಲ್ಲಿ, ಸೋಲಿಗರ ಒಂದು ಪೋಡಿನಲ್ಲಿ, ಅಂದರೆ ಹಾಡಿಯಲ್ಲಿ, ಮೇಷ್ಟ್ರಾಗಿದ್ದರು. ಭಾವ ಬೆಳೆದದ್ದು ಅಲ್ಲೇ. ಆ ಪೋಡಿನವರು ದಲ್ಲಾಳಿಗಳ ಕೈ ತಪ್ಪಿಸಿ, ತಮ್ಮ ಕಾಡಿನ ಜೇನನ್ನು ತಾವೇ ಮಾರಲು ಸಂಘ ಕಟ್ಟಿಕೊಂಡರು. ಅಧ್ಯಕ್ಷೆ ಕೇತಮ್ಮ. ಸಿಂಗಪುರದ ಪ್ರತಿನಿಧಿ ನಮ್ಮ ಭಾವ. ನೇಮಿಸಿದವರು ಯಾರು ಅಂತ ಕೇಳಬೇಡಿ, ಅವರೇ!

ಬೇರೆಯವರು ಪೆನ್ನಿಡುವ ಜೇಬಿನಲ್ಲಿ ಭಾವ ಸ್ಟೀಲಿನ ಚಮಚ ಇಡುತ್ತಾರೆ. ಫ್ಲಾಟುಗಳ ಕೆಳಗಿನ ತೆರೆದ ವಾಯ್ಡ್ ಡೆಕ್‌ನಲ್ಲಿ ನಡೆಯುತ್ತಿರುವುದು ಮದುವೆಯೋ ಸಾವೋ ನೋಡುವುದಿಲ್ಲ. ಚಮಚ ಸೀದಾ ಎದುರಿನವರ ಬಾಯಿಗೆ! ಪ್ರತಿಸಲ ಅದನ್ನು ತೊಳೆಯುವ ಕೆಲಸ ನನ್ನದು. ತಿಂಡಿ ಅಂಗಡಿಗಳ ಹಾಕರ್ ಸೆಂಟರಿನ ಕಾಫಿ ಆಂಟಿ ಒಮ್ಮೆ ಮುಖ ಸಿಂಡರಿಸಿ, “ಅಂಕಲ್, ಸ್ಮೋಕ್ ಸ್ಮೆಲ್ ಲಾ!” ಅಂದಳು. “ದಟ್ ಈಸ್ ದಿ ಕ್ವಾಲಿಟಿ, ಆಂಟಿ!” ಅಂದರು ಭಾವ. ಇವರು ತೊಲಗಿದರೆ ಸಾಕೆಂದು ಆಕೆ ಎರಡು ಬಾಟಲಿ ಕೊಂಡಳು.

ವೃತ್ತಿಯಲ್ಲಿ ಭಾವ ಪ್ರಾಜೆಕ್ಟ್ ಮ್ಯಾನೇಜರ್. ವಾಟ್ಸಾಪ್ ಕಾಲವಲ್ಲವೇ? ಜೇನುಹುಳಗಳಿಗೆ ವಾರವಾರದ ಟಾರ್ಗೆಟ್ ಹಾಕಿ, ಎಕ್ಸೆಲ್ ಶೀಟ್ ಮಾಡಿ, ಕೇತಮ್ಮನ ಮೊಮ್ಮಗಳ ಫೋನಿಗೆ ಕಳಿಸಿಬಿಟ್ಟರು! ಸ್ಪೀಕರಿನಲ್ಲಿ ಕೇತಮ್ಮನ ಉತ್ತರ ಬಂತು: “ಓದಿಸ್ಕಂಡೆ ಕನಪ್ಪ. ಹೂವ ಬುಡೋ ಮರಕ್ಕೂ ಒಂದು ಕಳ್ಸು.”

ಹೀಗಿರುವಾಗ ಒಂದು ಹೋಟೆಲಿನ ಶೆಫ್‌ಗೆ ಆ ಹೊಗೆವಾಸನೆಯೇ ಹಿಡಿಸಿಬಿಟ್ಟಿತು. ಮುಂದಿನ ಸುಗ್ಗಿಗೆ ಎರಡರಷ್ಟು ಕೊಟ್ಟರೆ ಪ್ರತಿವರ್ಷ ತಾನೇ ಕೊಳ್ಳುತ್ತೇನೆಂದ. ಆ ಆರ್ಡರ್ ಸಿಕ್ಕರೆ ಜೇನು ಸೋಸಿ ತುಂಬಲು ಸಂಘಕ್ಕೊಂದು ಸ್ವಂತ ಕೋಣೆ! ಭಾವ ಪೋಡಿನಲ್ಲಿ ಯಾರನ್ನೂ ಕೇಳದೆ ಹೂಂ ಅಂದು ಬಂದರು. ಆಮೇಲೆ ಫೋನ್ ಮಾಡಿದರು.

“ಆಗಾಕಿಲ್ಲ ಕನಪ್ಪ,” ಅಂದರು ಕೇತಮ್ಮ. “ಕೆಳಗಡೆ ಕಟ್ಟಿರೋ ಹುಟ್ಟು ಹುಲಿ ಪಾಲು. ಅದ್ಕೆ ಮರ ಹತ್ತಕೆ ಬಂದದಾ? ಮ್ಯಾಲಿನದ್ರಲ್ಲೂ ಹುಳಕ್ಕೆ ಒಸಿ ಬುಡಬೇಕು.”

“ಕೇತಕ್ಕ, ಇದೊಂದ್ಸಲ ಅಡ್ಜಸ್ಟ್ ಮಾಡು. ಕೋಣೆ ಆಗುತ್ತೆ!”

“ಹುಲೀಗೆ ನೀನೇ ಬಂದು ಹೇಳ್ತೀಯಾ?”

ಮೂರು ದಿನ ಭಾವ ನಡೆದರು. ಟೋವಾ ಪಾಯೋದಿಂದ ಹೌಗಾಂಗಿನ ನಮ್ಮ ಮನೆಗೆ ನಡೆದೇ ಬಂದು, ನಿಂತೇ ನೀರು ಕುಡಿದು, ನಡೆದೇ ವಾಪಸ್! ನಾಲ್ಕನೇ ದಿನ ನನ್ನನ್ನೂ ಕರೆದುಕೊಂಡು ಹೋಗಿ ಶೆಫ್ ಮುಂದೆ ನಿಂತರು. “ಸಾರಿ ಶೆಫ್, ದಿ ರೆಸ್ಟ್ ಈಸ್ ಫಾರ್ ದಿ ಟೈಗರ್.” ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಶೆಫ್ ಹೊಟ್ಟೆತುಂಬ ನಕ್ಕು, ಆರ್ಡರನ್ನು ಬೇರೆಯವರಿಗೆ ಕೊಟ್ಟ.

“ಕೇಳ್ದೆ ಆಸೆ ತೋರಿಸ್ಬಿಟ್ಟೆ ಕಣೇ. ಕೇತಕ್ಕಂಗೆ ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ?” ಅಂದರು ಭಾವ, ಹೊರಬಂದು ನನ್ನ ಹತ್ತಿರ. ಫೋನ್ ಮಾಡುವುದನ್ನೇ ಬಿಟ್ಟರು. ಚಮಚವೂ ಜೇಬಿನಿಂದ ಹೊರಬರಲಿಲ್ಲ. ಅವರನ್ನು ಗೇಲಿಮಾಡುವುದು ನನಗೂ ಬೇಡವೆನಿಸಿತು.

ಆ ಸುಗ್ಗಿಯ ಪೆಟ್ಟಿಗೆ ಬಂತು. ಎಂದಿನಷ್ಟೇ ಬಾಟಲಿಗಳು. ಅಡಿಯಲ್ಲಿ ಲೇಬಲ್ ಇಲ್ಲದ ಒಂದು ಪುಟ್ಟ ಸೀಸೆ, ಜೊತೆಗೆ ಮೊಮ್ಮಗಳ ಕೈಬರಹದ ಚೀಟಿ. ಭಾವ ಅದನ್ನು ಮುಟ್ಟಲಿಲ್ಲ. ನಾನೇ ಗಟ್ಟಿಯಾಗಿ ಓದಿದೆ:

“ಅಜ್ಜಿ ಹೇಳಿದ್ದು: ಕೋಣೆ ಇವತ್ತಲ್ಲ ನಾಳೆ ಆದದು. ಹುಲಿ ಪಾಲು ಹುಲೀಗೆ ಬುಟ್ಟಿವಿ. ಇದು ಮೇಷ್ಟ್ರ ಮಗನ ಪಾಲು. ಮಾರಬ್ಯಾಡ. ಕೂತ್ಕಂಡು ತಿನ್ನು.”

ಅಕ್ಕ ಸೋಫಾದ ಮೇಲಿನ ಬಾಟಲಿಗಳನ್ನು ಒಂದೊಂದಾಗಿ ನೆಲಕ್ಕಿಳಿಸಿದಳು. ಭಾವ ಜೇಬಿನಿಂದ ಚಮಚ ತೆಗೆದು, ಕೂತರು.