ಅರ್ಧ ಹಸುವಿನ ಕಚೇರಿ

ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಹೋಗಿ ಆರಿಸುವ ತನಕ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಇದು ಕಾಯಿಲೆಯೋ ಸ್ವಭಾವವೋ ನನಗೆ ತಿಳಿಯದು. ಹೆಂಡತಿ ಗಿರಿಜೆಯ ಪ್ರಕಾರ ಎರಡೂ. ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತರೂ ನನ್ನ ಧ್ಯಾನವೆಲ್ಲ ಬಚ್ಚಲುಮನೆಯ ಗೀಜರಿನ ಮೇಲೆ. ಕೈಯಲ್ಲಿ ಲಿಂಗ ಹಿಡಿದುಕೊಂಡೇ 'ಗೀಜರ್ ಆಫ್ ಮಾಡು' ಎಂದು ಕೂಗುತ್ತೇನೆ. ಮಗಳು ಅಕ್ಷತಾ ಒಳಗಿನಿಂದ 'ಸರಿ ಪಾ' ಎನ್ನುತ್ತಾಳೆ. ಗೀಜರು ಹಾಗೇ ಉರಿಯುತ್ತಿರುತ್ತದೆ. ಆಗ ನನಗೆ ರೇಗಿಹೋಗಿ, 'ಕರೆಂಟೇನು ನಿಮ್ಮಪ್ಪನ ಮನೇದಾ?' ಎಂದು ಗದರುತ್ತೇನೆ. ಅದು ಅವಳ ಅಪ್ಪನ ಮನೆಯದೇ ಎನ್ನುವುದು ನನಗೆ ಹೊಳೆದದ್ದು ತೀರ ಇತ್ತೀಚೆಗೆ.

ಆ 'ಸರಿ ಪಾ' ಇದೆಯಲ್ಲ, ಅದು ನನ್ನ ನಿಜವಾದ ಸಂಕಟ. ನಾವು ದಾವಣಗೆರೆ ಕಡೆಯವರು. ವಿಮಾ ಕಚೇರಿಯ ಕೆಲಸ ಸಿಕ್ಕು ಚೆನ್ನೈಗೆ ಬಂದವನು ಕೀಲ್ಪಾಕಿನಲ್ಲೇ ಬೇರುಬಿಟ್ಟೆ. ಅಕ್ಷತಾ ಹುಟ್ಟಿದ್ದು, ಓದಿದ್ದು, ಈಗ ಕೆಲಸಕ್ಕೆ ಹೋಗುವುದು ಎಲ್ಲ ಇಲ್ಲೇ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ತಮಿಳಿನಲ್ಲಿ ಹೇಳುತ್ತಾಳೆ. ಒಂದು ಸಲ ಊರಿನಲ್ಲಿದ್ದ ನಮ್ಮವ್ವನಿಗೆ ಫೋನು ಮಾಡಿ ಅವಳ ಕೈಗೆ ಕೊಟ್ಟೆ. ಇವಳು ಬಹಳ ಪ್ರೀತಿಯಿಂದ 'ನಲ್ಲಾ ಇರುಕ್ಕೀಂಗ್ಳಾ ಅಜ್ಜಿ?' ಎಂದು ಕ್ಷೇಮ ವಿಚಾರಿಸಿದಳು. ಅವ್ವ, 'ಯಾರೋ ಯಾರಿಗೋ ಮಾಡ್ಯಾರ, ಇಡಮ್ಮ ತಾಯಿ' ಎಂದು ಇಟ್ಟೇಬಿಟ್ಟಳು. ಅವತ್ತು ಮನೆಯಲ್ಲಿ ಎಲ್ಲರೂ ನಕ್ಕೆವು. ಅವ್ವ ಹೋದಮೇಲೆ ಅದನ್ನು ನೆನೆದು ನಗಲಿಕ್ಕೆ ನನಗೆ ಆಗಲಿಲ್ಲ. ಮಗಳ ಬಾಯಿಂದ ಒಂದು ಪೂರ್ತಿ ಕನ್ನಡ ವಾಕ್ಯ ಕೇಳಬೇಕು, ಸಾಯುವುದರೊಳಗೆ ಒಂದೇ ಒಂದು. ನನ್ನ ಆಸೆ ಇಷ್ಟೇ ಆಗಿತ್ತು.

ಹೀಗಿರುವಾಗ ಒಂದು ದಿನ ಅವಳು ಹೊಸ ಟೀ ಶರ್ಟು ಹಾಕಿಕೊಂಡು ಬಂದಳು. ಎದೆಯ ಮೇಲೆ ಹಸುವಿನ ಚಿತ್ರ. ಹಸು ಎಂದರೆ ಪೂರ್ತಿ ಹಸುವಲ್ಲ. ತಲೆ, ಕೊಂಬು, ಮುಂಗಾಲು ಇದ್ದವು, ಹಿಂದಿನದೆಲ್ಲ ಮಾಯ. ಕೆಳಗೆ ತಮಿಳು ಅಕ್ಷರದಲ್ಲಿ ಎರಡು ಪದ. ಇಷ್ಟು ವರ್ಷ ಬಸ್ಸಿನ ಬೋರ್ಡು ಓದಿ ಪಳಗಿದ ಕಣ್ಣಲ್ಲವೆ, ಥಟ್ಟನೆ ಓದಿ ಗಿರಿಜೆಗೆ ಅರ್ಥ ಹೇಳಿದೆ: 'ಅರ್ಧ ಹಸು.'

'ಅರ್ಧ ಹಸಾ? ಶಿವನೇ! ಇನ್ನರ್ಧ ಏನಾತ್ರೀ?' ಎಂದು ಗಿರಿಜೆ ಗಾಬರಿಯಾದಳು. ಬಸವಣ್ಣನಿಗೆ ಕೈಮುಗಿದೇ ನೀರು ಕುಡಿಯುವ ಮನೆತನದವಳು ಅವಳು. ವಿಚಾರಿಸಿದಾಗ ತಿಳಿದದ್ದು, ಅದು ಮಗಳೂ ಅವಳ ಮೂವರು ಸ್ನೇಹಿತರೂ ಕಟ್ಟಿಕೊಂಡ ಪಂಕ್ ಬ್ಯಾಂಡಿನ ಹೆಸರು. ಭಾನುವಾರ ಮಧ್ಯಾಹ್ನ ಒಂದು ಹೋಟೆಲಿನ ಪಬ್ಬಿನಲ್ಲಿ ನಾಲ್ಕು ಬ್ಯಾಂಡುಗಳ ಕಚೇರಿಯಂತೆ. 'ನೀ ವರವೇಂಡಾಂ ಪಾ' ಎಂದು ಮಗಳು ಮೊದಲೇ ನನ್ನನ್ನು ತಡೆದಳು. ಬರಬೇಡ ಎಂದಮೇಲೆ ಹೋಗದಿರುವುದು ಹೇಗೆ?

'ನಾ ಬರಂಗಿಲ್ಲ, ನಂಗೆ ತಲಿನೋವು ಬರ್ತೈತೆ. ನೀವೇ ಹೋಗಿ ಆ ಹಸುಂದು ಏನೈತಿ ನೋಡ್ಕಂಡು ಬರ್ರಿ' ಎಂದು ಗಿರಿಜೆ ನನ್ನನ್ನು ಪತ್ತೇದಾರನನ್ನಾಗಿ ಮಾಡಿದಳು. ಸದ್ದಿಗೆ ನನ್ನ ಕಿವಿ ಒಡೆದೀತೆಂದು ದೇವರ ಮನೆಯಿಂದ ಎರಡು ಹೂಬತ್ತಿ ತಂದುಕೊಟ್ಟಳು. ದೀಪಕ್ಕೆ ಹಾಕುವ ಬತ್ತಿಯನ್ನು ಕಿವಿಗೆ ಹಾಕಿಕೊಂಡು ಪಬ್ಬಿಗೆ ಹೋದ ಮೊದಲ ಮನುಷ್ಯ ನಾನೇ ಇರಬೇಕು.

ಬಾಗಿಲಲ್ಲಿ ಕೋಯಂಬೇಡು ಮಾರುಕಟ್ಟೆಯ ತರಕಾರಿ ಮೂಟೆಗೆ ಹಾಕುವ ಹಾಗೆ ಕೈಗೊಂದು ಮುದ್ರೆ ಒತ್ತಿದರು. ಒಳಗೆ ಕತ್ತಲು, ಜನ, ಚಳಿ. ಯಾರೂ ಇಲ್ಲದ ಮೂಲೆಯಲ್ಲೂ ಏಸಿ ಓಡುತ್ತಿತ್ತು. ಕಣ್ಣಿಗೆ ಸ್ವಿಚ್ಚೇನಾದರೂ ಬಿದ್ದಿದ್ದರೆ ನನ್ನನ್ನು ಹಿಡಿಯುವವರಿರಲಿಲ್ಲ. ಮಜ್ಜಿಗೆ ಕೇಳಿದೆ, ನಿಂಬೆ ಸೋಡಾ ಕೊಟ್ಟರು. ಪಕ್ಕದಲ್ಲಿ ನಿಂತಿದ್ದ ಹಸಿರು ಕೂದಲಿನ ಹುಡುಗಿ ನನ್ನ ಹಣೆಯ ಮೂರು ಪಟ್ಟಿ ವಿಭೂತಿ, ಕಿವಿಯಿಂದ ಇಣುಕುವ ಬಿಳಿ ಬತ್ತಿ ಎಲ್ಲ ನೋಡಿ, 'ಅಂಕಲ್, ಲುಕ್ ಸೂಪರ್!' ಎಂದಳು. ಮದುವೆಯ ದಿನವೂ ನನಗೆ ಯಾರೂ ಹಾಗೆ ಹೇಳಿರಲಿಲ್ಲ.

ಮೊದಲ ಬ್ಯಾಂಡಿನವರು ನನ್ನ ವಯಸ್ಸಿನವರೇ, ರಾಕ್ ಸಂಗೀತದವರು. ಬೋಳುತಲೆಯ ಗಿಟಾರಿನವರು ಕಣ್ಣುಮುಚ್ಚಿ ಒಂದೇ ಸ್ವರವನ್ನು ಹಿಡಿದು ಎಳೆದರು, ಎಳೆದರು, ನಾನು ಶೌಚಾಲಯಕ್ಕೆ ಹೋಗಿಬಂದರೂ ಅದೇ ಸ್ವರದಲ್ಲಿದ್ದರು. ಎರಡನೆಯದು ಪಂಕ್. ಹಾಡುವವರು ಇಬ್ಬರೇ, ಸದ್ದು ಇಪ್ಪತ್ತು ಜನರದ್ದು. ಅವರ ಹಾಡುಗಳು ಎಷ್ಟು ಗಿಡ್ಡ ಎಂದರೆ ತಲೆ ಆಡಿಸಲು ಶುರು ಮಾಡುವಷ್ಟರಲ್ಲಿ ಮುಗಿದುಹೋಗುತ್ತಿದ್ದವು. ಮೂರು ಸಲ ನಾನೊಬ್ಬನೇ ತಲೆ ಆಡಿಸುತ್ತ ಸಿಕ್ಕಿಬಿದ್ದೆ. ಮೂರನೆಯವರು ನೀರಿನ ಲಾರಿ ಬಾರದ ಬಗ್ಗೆ ತಮಿಳಿನಲ್ಲಿ ಅರಚಿದರು. ಬೇಸಿಗೆಯಲ್ಲಿ ಕೊಡ ಹಿಡಿದು ನಿಂತವನಾದ್ದರಿಂದ ನನಗೆ ಪ್ರತಿ ಅಕ್ಷರವೂ ನಾಟಿತು. ಮುಷ್ಟಿ ಎತ್ತಿ ಕೂಗಿದೆ. ಸೋಡಾ ಚೆಲ್ಲಿತು. ನಿಜ ಹೇಳುತ್ತೇನೆ, ಆಫೀಸಿನ ಒಂದು ಮೀಟಿಂಗಿನಲ್ಲೂ ನಾನು ಅಷ್ಟು ಖುಷಿಯಾಗಿ ಇದ್ದವನಲ್ಲ.

ಆಮೇಲೆ ಮಗಳು ಬಂದಳು. ಮೈಕು ಹಿಡಿದು ಜನರ ನಡುವೆ ಕಣ್ಣಾಡಿಸಿದವಳು ನನ್ನ ವಿಭೂತಿಯನ್ನು ಕಂಡು ಒಂದು ಕ್ಷಣ ಕಲ್ಲಾದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಡ್ರಮ್ಮಿನವನಿಗೆ ಕಣ್ಣು ಹೊಡೆದು ಶುರುಮಾಡಿದಳು. ಇಡೀ ಪಬ್ಬು ನೆಗೆಯತೊಡಗಿತು. ಹಸಿರು ಕೂದಲಿನವಳ ಮೊಣಕೈ ತಾಗಿ ನನ್ನ ಬಲಗಿವಿಯ ಹೂಬತ್ತಿ ಹಾರಿಹೋಯಿತು, ಆ ಕಿವಿಯೊಳಕ್ಕೆ ಹಾಡು ನುಗ್ಗಿತು:

'ಫ್ಯಾನ್ ಆಫ್ ಮಾಡು! ಲೈಟ್ ಆಫ್ ಮಾಡು! ನೀರ್ ಕಾದೈತೆ, ಗೀಜರ್ ಆಫ್ ಮಾಡು! ಕರೆಂಟೇನು ನಿಮ್ಮಪ್ಪನ ಮನೇದಾ?'

ಜನರೆಲ್ಲ ಒಕ್ಕೊರಲಿನಿಂದ 'ಆಫ್ ಮಾಡು! ಆಫ್ ಮಾಡು!' ಎಂದರು. ಆಗ ನನ್ನ ತಲೆಯೊಳಗೆ ದೀಪ ಹತ್ತಿತು. ತಮಿಳಿನಲ್ಲಿ 'ಮಾಡು' ಎಂದರೆ ಹಸು. ಹಾಫ್ ಎನ್ನುವುದರ ಹಕಾರ ಇಲ್ಲಿಯವರ ಬಾಯಲ್ಲಿ ಕರಗಿ 'ಆಫ್' ಆಗುತ್ತದೆ. ಟೀ ಶರ್ಟಿನ ಮೇಲೆ ಬರೆದಿದ್ದ ಎರಡು ಪದ ಇವೇ! ಮಗಳು ಆಮೇಲೆ ಹೇಳಿದ್ದು, ನಮ್ಮ ಮನೆಗೆ ಬಂದ ಅವಳ ಸ್ನೇಹಿತರು, ಈ ಮನುಷ್ಯ ಮಾತುಮಾತಿಗೂ ಅರ್ಧ ಹಸುವಿಗಾಗಿ ಯಾಕೆ ಹೀಗೆ ಅರಚುತ್ತಾನೆ ಎಂದು ತಲೆಕೆಡಿಸಿಕೊಂಡರಂತೆ. ಅಲ್ಲಿ ಹುಟ್ಟಿತು ಆ ಬ್ಯಾಂಡು.

'ಅಂಕಲ್, ಇದು ಯಾವ ಭಾಷೆ? ಅರ್ಥ ಏನು?' ಎಂದು ಹಸಿರು ಕೂದಲಿನವಳು ತಮಿಳಿನಲ್ಲಿ ಕೇಳಿದಳು.

'ಕನ್ನಡ. ಎಲ್ಲವನ್ನೂ ಆರಿಸು ಅಂತ.'

'ಅಬ್ಬಾ! ಸರ್ಕಾರದ ವಿರುದ್ಧವಾ?'

'ಇಲ್ಲಮ್ಮ, ಗೀಜರಿನ ವಿರುದ್ಧ.'

ಹಾಡು ಮುಗಿದಾಗ ಅಕ್ಷತಾ ಬೆವರು ಒರೆಸಿಕೊಂಡು, ಮೈಕಿನಲ್ಲಿ ನಿಧಾನವಾಗಿ, ಒಂದೊಂದೇ ಪದ ಹುಡುಕಿ ಹೇಳಿದಳು: 'ಈ ಹಾಡು ಬರೆದದ್ದು ನಮ್ಮಪ್ಪ. ಅಲ್ಲಿ ನಿಂತಿದ್ದಾರೆ.' ಪೂರ್ತಿ ವಾಕ್ಯ. ಒಂದಲ್ಲ, ಎರಡು. ಜನ ನನ್ನ ಕಡೆ ತಿರುಗಿ ಶಿಳ್ಳೆ ಹಾಕಿದರು. ಅವ್ವ ಇರಬೇಕಿತ್ತು ಅನ್ನಿಸಿತು. ಇಪ್ಪತ್ತಮೂರು ವರ್ಷ ನಾನು ಅವಳಿಗೆ ಕಲಿಸಿದ ಕನ್ನಡವೆಲ್ಲ ಬರೀ ಬೈಗುಳ ಎಂದು ನಾಚಿಕೆಯೂ ಆಯಿತು. ಅವಳು ಅದನ್ನೇ ಬಿಡದೆ ಜೋಡಿಸಿಟ್ಟುಕೊಂಡಿದ್ದಳು. ನಾನೋ, ನನ್ನ ಬಾಯಿಂದಲೇ ದಿನಾ ಉದುರುವ ಮಾತು ಅವಳ ಎದೆಯ ಮೇಲೆ ಬರೆದಿದ್ದರೂ ಗುರುತು ಹಿಡಿಯದೆ ತಮಿಳು ಎಂದು ಓದಿ, ಹೆಂಡತಿಗೆ ಭಾಷಾಂತರ ಬೇರೆ ಮಾಡಿದ್ದೆ.

ಹೊರಗೆ ಇನ್ನೂ ಬಿಸಿಲಿತ್ತು. ಗಿಟಾರು ಹೊತ್ತುಕೊಂಡು ಬಂದ ಮಗಳು, ಹೇಗಿತ್ತು ಎನ್ನುವ ಹಾಗೆ ಹುಬ್ಬು ಹಾರಿಸಿ ನಿಂತಳು. ಏನೇನೋ ಹೇಳಬೇಕೆಂದಿದ್ದೆ. ಉದ್ವೇಗದಲ್ಲಿ, ತುಂಬಾ ಚೆನ್ನಾಗಿತ್ತು ಎನ್ನುವ ಮಾತು ಬಾಯಿಂದ ಬಂದದ್ದು ತಮಿಳಿನಲ್ಲಿ: 'ರೊಂಬ ನಲ್ಲಾ ಇರುಂದುದು ಮಾ!'

ಅಕ್ಷತಾ ಸೊಂಟದ ಮೇಲೆ ಕೈಯಿಟ್ಟುಕೊಂಡು, ಥೇಟು ನನ್ನ ದನಿಯಲ್ಲೇ ಗದರಿದಳು: 'ಕನ್ನಡದಾಗ ಹೇಳಪ್ಪ!'