ಕುಕಡಿ ದಂಡೆಯ ಬೀರಪ್ಪ

ವ್ಯಾಪಾರ ಮಾಡುವವನಿಗೆ ಯಾವುದನ್ನೂ ಸುಮ್ಮನೆ ನೋಡಲು ಬರುವುದಿಲ್ಲ. ಸೊಲ್ಲಾಪುರದಲ್ಲಿ ನನ್ನದೊಂದು ಚಾದರ, ಕಂಬಳಿಗಳ ಅಂಗಡಿ. ಹುಣ್ಣಿಮೆಯ ಚಂದ್ರನನ್ನು ಕಂಡರೂ ಕೊಳ್ಳಲು ಬಂದವನ ಹಾಗೆ ಖೋಡಿ, ಕುಂದು ಹುಡುಕುತ್ತೇನೆ. ಹೆಂಡತಿ ಸಾವಿತ್ರಿ ಇದನ್ನು ರೋಗವೆನ್ನುತ್ತಾಳೆ. ಇಂಥ ನಾನು ಅಂಗಡಿಗೆ ಬೀಗ ಹಾಕಿ, ಬಾಡಿಗೆ ಜೀಪು ಮಾಡಿಕೊಂಡು, ನಿಘೋಜದ ಕಲ್ಲುಕಣಿವೆ ನೋಡಲು ಹೊರಟೆನೆಂದರೆ ಅದರಲ್ಲಿ ಏನೋ ಹುನ್ನಾರ ಇರಲೇಬೇಕು. ಇತ್ತು.

ಅಕ್ಕಲಕೋಟದ ಹತ್ತಿರ ಕುರನೂರಿನಲ್ಲಿ ನನ್ನ ಅಕ್ಕ ಇದ್ದಾಳೆ. ಹೋದ ಮಳೆಗಾಲದಲ್ಲಿ ಅವಳ ಗಂಡ ತೀರಿಕೊಂಡ ಮೇಲೆ ಕುರಿಹಿಂಡಿನ ಹಿಂದೆ ಒಬ್ಬಳೇ ಅಲೆಯುತ್ತಾಳೆ. ಮೊಣಕಾಲು ಮಾತು ಕೇಳುವುದಿಲ್ಲ. ಹಿಂಡು ಮಾರಿ ನಮ್ಮ ಮನೆಗೆ ಬಂದಿರು ಎಂದು ನಾನು ದುಂಬಾಲು ಬಿದ್ದೆ. ಕೊಳ್ಳುವವರನ್ನೂ ಗೊತ್ತು ಮಾಡಿಟ್ಟೆ. ಅಕ್ಕನದು ಒಂದೇ ಮಾತು: "ಬೀರಪ್ಪನ ಅಪ್ಪಣಿ ಆಗಲಾರದ ಕುರಿ ಮಾರಾಕ ಬರೂದಿಲ್ಲ, ತಮ್ಮಾ." ಬೀರಪ್ಪ ಕುರಿ ಕಾಯುವವರ ದೇವರು. ಅಪ್ಪಣೆ ಕೇಳುವುದೆಂದರೆ ಅವನ ಕಲ್ಲಿನ ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳು ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಊರ ಗುಡಿಯಲ್ಲಿ ಕೇಳು ಎಂದರೆ ಇವತ್ತು ಅಮಾವಾಸ್ಯೆ, ನಾಳೆ ಕಾಲುನೋವು ಎಂದು ಮುಂದೂಡುತ್ತಿದ್ದಳು. ನಾಲ್ಕು ಊರು ತಿರುಗಿಸಿದರೆ ಮನಸ್ಸು ಮೆತ್ತಗಾದೀತು ಎಂದುಕೊಂಡು ಅವಳನ್ನೂ ಸಾವಿತ್ರಿಯನ್ನೂ ಜೀಪು ಹತ್ತಿಸಿದೆ.

ಕುಕಡಿ ನದಿ ನಿಘೋಜದಲ್ಲಿ ಕರಿಬಂಡೆಯನ್ನು ಕೊರೆದೂ ಕೊರೆದೂ ನೀರಿನ ರಾಂಜಣ, ಹರವಿ, ಒರಳುಗಳಂಥ ಗುಳಿಗಳನ್ನು ಮಾಡಿಟ್ಟಿದೆ. ಬಗ್ಗಿ ನೋಡಿದರೆ ಆಳದಲ್ಲಿ ಹಸಿರು ನೀರು. ನನಗೆ ಅಂಚು ಎಂದರೆ ತಲೆ ತಿರುಗುತ್ತದೆ. ಸಾವಿತ್ರಿಯ ಸೆರಗು ಹಿಡಿದುಕೊಂಡೇ ನಿಸರ್ಗಸೌಂದರ್ಯ ಸವಿದೆ.

ಅಕ್ಕ ಒಂದು ಕಡೆ ನಿಂತೇಬಿಟ್ಟಳು. ಎದುರಿಗೆ ನೀರು ಸವೆಸಿದ ಮೋಟು ಬಂಡೆ, ಕಂಬಳಿ ಹೊದ್ದು ಕುಳಿತವರ ಹಾಗಿತ್ತು. ಅವಳು ಚಪ್ಪಲಿ ಬಿಟ್ಟಳು.

"ಬೀರಪ್ಪ ಇಲ್ಲಿ ಬಂದು ಕುಂತಾನಲ್ಲೋ."

ಸಾವಿತ್ರಿ ಬಾಯಿ ತೆರೆಯುವ ಮೊದಲೇ ನಾನು, "ಏಕದಮ್ ಖರೆ, ಅಕ್ಕಾ. ಇಲ್ಲೇ ಕೇಳಿಬಿಡು," ಎಂದೆ.

ಅಕ್ಕ ಸಂಚಿಯಿಂದ ಭಂಡಾರದ ಅರಿಶಿನ ತೆಗೆದು ಬಂಡೆಗೆ ಹಚ್ಚಿದಳು. ದಂಡೆಯ ಮೇಲಿನ ದೇವಿ ಗುಡಿಯಿಂದ ತಂದ ಚೆಂಡುಹೂವಿನ ಎಸಳುಗಳನ್ನು ನೀರಲ್ಲಿ ಅದ್ದಿ ಅಂಟಿಸಿದಳು. ಪುಣೆಯ ಕಡೆಯ ಕುಟುಂಬವೊಂದು "ಕೋಣತಾ ದೇವ ಆಹೇ ಹೋ?" ಎಂದು ಮರಾಠಿಯಲ್ಲಿ ಯಾವ ದೇವರೆಂದು ಕೇಳಿ, ಉತ್ತರಕ್ಕೂ ಕಾಯದೆ ಕೈಮುಗಿದು ಹೋಯಿತು. ನಾವು ಬಿಸಿಲಲ್ಲಿ ಕಾದೆವು.

ಬಲಗಡೆಯ ಎಸಳು ಬಿತ್ತು. ನಾನು ಗೆದ್ದೆ.

"ಆತು, ಮಾರೂಣು," ಎಂದಳು ಅಕ್ಕ. ಬಿದ್ದ ಎಸಳನ್ನು ಸಂಚಿಗೆ ಹಾಕಿಕೊಳ್ಳುತ್ತ, "ಕೆಂದ ಕುರಿ ಗಬ್ಬ ಐತಿ. ಅದನ್ನ ಕಟಕರ ಕೈಗೆ ಕೊಡಬ್ಯಾಡಂತ ಹೇಳು," ಎಂದಳು. ಗಂಡನ ತಿಥಿಯಲ್ಲೂ ಗಟ್ಟಿಯಾಗಿ ನಿಂತು ಊರವರಿಗೆ ಬಡಿಸಿದವಳು ಸೆರಗನ್ನು ಬಾಯಿಗೊತ್ತಿಕೊಂಡಳು. ಅವಳ ಬಳಿ ಉಳಿದದ್ದು ಆ ಹಿಂಡಿನ ಬಾಳೊಂದೇ. ಅದನ್ನು ಬಿಡಿಸಲು ನಾನು ಇಷ್ಟು ದೂರ ಡೀಸೆಲ್ ಸುಟ್ಟಿದ್ದೆ.

"ಅಕ್ಕಾ, ಇದು ಬೀರಪ್ಪ ಅಲ್ಲ. ಬರೇ ಕಲ್ಲು, ನೀರು ಕೊರದದ್ದು. ಇದರ ಅಪ್ಪಣಿ ನಡಿಯೂದಿಲ್ಲ."

"ಮತ್ತ ಆಗ ಖರೆ ಅಂದಿ?"

ಸಾವಿತ್ರಿ ಬೇರೆ ಕಡೆ ನೋಡಿದಳು.

"ಕಲ್ಲೋ ದೇವರೋ, ಇರಲಿ ಬಿಡು," ಎಂದಳು ಅಕ್ಕ. "ನೀ ಹೇಳು. ಮಾರಲೇನು, ಬ್ಯಾಡೋ?"

ಬಾಗಿಲಿಗೆ ಬಂದ ಗಿರಾಕಿಯಿಂದ ಹೂಂ ಅನ್ನಿಸದೆ ಬಿಟ್ಟವನಲ್ಲ ನಾನು. ಆದರೂ "ಬ್ಯಾಡ," ಎಂದೆ.

"ಹಂಗಾದ್ರ ನನ್ನ ಒಬ್ಬಾಕಿಗೆ ನೀಗೂದಿಲ್ಲ. ವಾರಕ್ಕೊಮ್ಮಿ ಬಂದು ಕುರಿ ಕಾಯಿ," ಎಂದು ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು.

ಈಗ ಪ್ರತಿ ಸೋಮವಾರ ಬಸ್ಸು ಹಿಡಿದು ಕುರನೂರಿಗೆ ಹೋಗುತ್ತೇನೆ. ಕೋಲು ಹಿಡಿದು ಅಡವಿಗೆ ಇಳಿದರೆ ಕುರಿಗಳು ನನ್ನನ್ನು ಕಂಡು ಸರಸರನೆ ಅಕ್ಕನ ಹಿಂದೆ ಸೇರಿಕೊಳ್ಳುತ್ತವೆ. ತಮ್ಮನ್ನು ಮಾರಲು ಬಂದವನೆಂದು ತಿಳಿದಿರಬೇಕು. ಅವುಗಳದೇನೂ ತಪ್ಪಿಲ್ಲ.